ಎರಡನೇ ರಿಂಗಿಗೆ ಕಟ್

ಫೋನ್ ಎತ್ತಿದ್ದಕ್ಕೆ ಬೈಸಿಕೊಂಡವರನ್ನು ನೀವು ನೋಡಿದ್ದೀರೋ ಇಲ್ಲವೋ ಕಾಣೆ. ನಾನಂತೂ ಬೈಸಿಕೊಂಡಿದ್ದೇನೆ. ತುಮಕೂರಿನ ಆ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಸೇರಿದ ಹೊಸತು. ಒಂದು ಸಂಜೆ ಮನೆಗೆ ಬಂದು ಕಾಫಿಗೆ ನೀರಿಟ್ಟಿದ್ದೆ, ಗುಬ್ಬಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ನಮ್ಮ ಹಿಂದಿ ಮೇಡಂ ಫೋನು ಬಂತು. ಹಿರಿಯರು, ಏನೋ ಅರ್ಜೆಂಟಿರಬೇಕು ಎಂದು ಒದ್ದೆ ಕೈಯಲ್ಲೇ ಓಡಿ ಎತ್ತಿದೆ. ಆ ಕಡೆಯಿಂದ, "ಅಯ್ಯೋ, ಯಾಕಮ್ಮ ಎತ್ತಿದೆ? ಏನಾಯ್ತು?" ಎಂದು ನಡುಗುವ ದನಿ. ಏನೂ ಆಗಿಲ್ಲ ಮೇಡಂ, ನೀವೇ ಮಾಡಿದಿರಲ್ಲ ಎಂದೆ. "ಏನೂ ಆಗಿಲ್ವಾ? ಹಂಗಾದ್ರೆ ಇಡು" ಎಂದು ಇಟ್ಟೇಬಿಟ್ಟರು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನನಗೆ ಪಾಠವಾಯಿತು. "ನಾನು ಮನೆ ತಲುಪಿದೆ ಅಂತ ಮಿಸ್ ಕಾಲ್ ಕೊಟ್ಟಿದ್ದು ಕಣಮ್ಮ. ಅದನ್ನ ಯಾರಾದ್ರೂ ಎತ್ತುತ್ತಾರಾ? ಎತ್ತಿದ್ರೆ ಏನೋ ಕೆಟ್ಟದ್ದಾಗಿದೆ ಅಂತ ಅರ್ಥ. ಎರಡು ರಿಂಗ್ ಕೇಳಿಸ್ಕೊ, ಟಪ್ ಅಂತ ಕಟ್ ಮಾಡು. ನೀನು ಕಟ್ ಮಾಡಿದ್ರೆ ನಿಂಗೆ ಸಿಕ್ತು ಅಂತ ನಂಗೆ ಗೊತ್ತಾಗುತ್ತೆ. ಅದರ ಮೇಲೆ ಮಾತು ಯಾಕೆ?"

ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದರು. ಅಕ್ಕ ಎಂದು ಅರ್ಥ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಹೆಡ್‌ಮಾಸ್ಟರೂ ಆಪಾ ಅನ್ನುತ್ತಿದ್ದರು. ಸಣ್ಣ ಆಳು. ಕರಿ ಬುರ್ಖಾದ ತೋಳು ಮೊಣಕೈವರೆಗೆ ಮಡಚಿರುತ್ತಿತ್ತು, ಮಡಿಕೆಯ ತುಂಬ ಸೀಮೆಸುಣ್ಣ. ಮಗಳ ಮದುವೆಯ ರವಿಕೆ ಬಟ್ಟೆಯಲ್ಲಿ ಉಳಿದ ಮಖಮಲ್ಲಿನಿಂದ ತಾವೇ ಹೊಲಿದುಕೊಂಡ ಒಂದು ಚೀಲ ಕುತ್ತಿಗೆಗೆ ಜೋತು ಬಿದ್ದಿರುತ್ತಿತ್ತು. ಅದರೊಳಗೆ ಬಟನ್ ಫೋನು. ಬಟನ್ನುಗಳ ಮೇಲಿನ ಅಂಕಿಗಳು ಯಾವತ್ತೋ ಸವೆದುಹೋಗಿದ್ದವು. ಕುಣಿಗಲ್ಲಿನಲ್ಲಿದ್ದ ಮಗಳು ಅಮೃತೂರಿನ ಒಂದು ಶಾಲೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಕೆ ಪ್ರೈವೇಟ್ ಬಸ್ಸಿನಿಂದ ಇಳಿದು ಮಿಸ್ ಕಾಲ್ ಕೊಡುವ ಹೊತ್ತೂ ನಮ್ಮ ಶಾಲೆಯ ಪ್ರಾರ್ಥನೆಯ ಹೊತ್ತೂ ಒಂದೇ. ಸಾಲಾಗಿ ನಿಂತ ಮಕ್ಕಳ ಎದುರಿಗೆ, ನಾಡಗೀತೆಯ ನಡುವೆ, ಆಪಾ ಚೀಲದ ಮೇಲಿಂದಲೇ ಒತ್ತಿ ಕಟ್ ಮಾಡಿ ಮತ್ತೆ ಅಟೆನ್ಷನ್ನಿಗೆ ನಿಲ್ಲುತ್ತಿದ್ದರು. ಅಲ್ಲಿಯತನಕ ಅವರ ಮುಖ ನೋಡಬೇಕಿತ್ತು, ಪರೀಕ್ಷೆ ಬರೆಯುವ ಮಕ್ಕಳ ಮುಖವೂ ಅಷ್ಟು ಬಿಗಿಯಾಗಿರುತ್ತಿರಲಿಲ್ಲ.

ಸಂಜೆ ನಾವೆಲ್ಲ ಮನೆ ತಲುಪಿ ಅವರಿಗೊಂದು ಮಿಸ್ ಕಾಲ್ ಕೊಡಬೇಕು. ಒಬ್ಬರದ್ದು ಬರದಿದ್ದರೂ ಆಪಾ ಗುಬ್ಬಿಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಇದು ಬೂಟಾಟಿಕೆ ಅಂದುಕೊಂಡಿದ್ದೆ ನಾನು. ಒಂದು ಸಲ ಮರೆತು ಮದುವೆ ಮನೆಗೆ ಹೋದವಳು ಮಾರನೆಯ ದಿನ ನೋಡುತ್ತೇನೆ, ಊಟದ ಡಬ್ಬಿಯಲ್ಲಿ ಹಿಂದಿನ ರಾತ್ರಿಯ ಬದನೆಕಾಯಿ ಪಲ್ಯ ಹಾಗೇ ಬಂದಿದೆ. "ನಿನ್ನೆ ತಿನ್ನಕ್ಕಾಗ್ಲಿಲ್ಲ. ಚೆಲ್ಲೋದ್ಯಾಕೆ ಅಂತ ತಂದೆ" ಎಂದರು. ಬೈಗುಳ ಇಲ್ಲ, ಏನಿಲ್ಲ. ಅರ್ಧ ಪಲ್ಯ ನನಗೇ ಬಡಿಸಿದರು. ತಿಂದೆ, ಇನ್ನೇನು ಮಾಡಲಿ.

ನನ್ನ ಯಜಮಾನರಿಗೆ ಇದೆಲ್ಲ ಒಂದು ತಮಾಷೆ. ಅವರದ್ದು ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಮಾತಿನ ಮನುಷ್ಯ. ಒಂದು ಬೇರಿಂಗ್ ಮಾರಬೇಕಾದರೂ ಗಿರಾಕಿಯ ಮನೆಮಂದಿಯ ಯೋಗಕ್ಷೇಮವೆಲ್ಲ ಫೋನಿನಲ್ಲಿ ವಿಚಾರಿಸಬೇಕು. "ನಿಮ್ಮ ಆಪಾಂದೇನು, ಫೋನ್ ಇಟ್ಕೊಂಡಿರೋದು ಮಾತಾಡ್ದೇ ಇರೋಕಾ?" ಎಂದು ರೇಗಿಸುತ್ತಿದ್ದರು. ಅವರಂತೂ ಜನ್ಮದಲ್ಲಿ ಒಂದು ಮಿಸ್ ಕಾಲ್ ಕೊಟ್ಟವರಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಊರಿಗೆ ಊರೇ ಆಪಾ ಆಗಿಹೋಯಿತು. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯುವವರು, ಪೇಪರನ್ನು ಬಿಸಿಲಿಗೆ ಹಾಕಿ ಮಧ್ಯಾಹ್ನ ಓದುವವರು, ಕೊತ್ತಂಬರಿ ಸೊಪ್ಪನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಬಾಡಿಸುವವರು. ಬೆಳ್ಳಾವಿ ಕಡೆಯವರಾದ ನಮ್ಮತ್ತೆ ಊರಿಂದ ಬಂದ ತೆಂಗಿನಕಾಯಿಗಳಿಗೂ ಸೋಪಿನ ಪುಡಿ ಹಾಕಿ ಉಜ್ಜಿದರು. ಬೆಳಗ್ಗೆ ಸ್ವಲ್ಪ ಹೊತ್ತು ಅಂಗಡಿ ತೆಗೆದಿರುತ್ತಿತ್ತು, ಅಷ್ಟರೊಳಗೆ ಓಡಿಹೋಗಿ ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತು ಸಾಮಾನು ತರಬೇಕು. ಸರ್ಕಲ್ಲಿನಲ್ಲಿ ಲಾಠಿ ಹಿಡಿದ ಪೊಲೀಸರು. ಪಕ್ಕದ ಮನೆಯವರು ಸೀನಿದರೆ ನಮ್ಮ ಮನೆಯ ಕಿಟಕಿ ಮುಚ್ಚುತ್ತಿತ್ತು, ನಾವು ಸೀನಿದರೆ ಅವರದ್ದು. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು, ಆಮೇಲೆ ಉಪದೇಶ, ಕೊನೆಗೆ ರಿಂಗು. "ಫೋನಿಗೂ ಬಂದ್ಬಿಟ್ಟಿದೆ ಕಣಮ್ಮ" ಎಂದು ಆಪಾ ಮರುಗಿದರು. ಎರಡು ರಿಂಗಿನ ಮಿಸ್ ಕಾಲಿಗೆ ಅಷ್ಟು ಉಪದೇಶ ಕೇಳಬೇಕಾದ್ದು ಅವರಿಗೆ ದೊಡ್ಡ ಹಿಂಸೆ.

ಆಪಾ ಗುಬ್ಬಿಯಲ್ಲಿ ಒಬ್ಬರೇ, ಮಗಳು ಕುಣಿಗಲ್ಲಿನಲ್ಲಿ. ಬಸ್ಸಿದ್ದರೆ ಬೆಳಗ್ಗೆ ಹೋಗಿ ಸಂಜೆ ಬರುವ ದಾರಿ. ಬಸ್ಸೇ ಇಲ್ಲ. ಆಪಾ ಮಿಸ್ ಕಾಲನ್ನು ಬೆಳಗ್ಗೆ ಒಂದು, ಸಂಜೆ ಒಂದು ಮಾಡಿದರು. ನಾವು ಟೀಚರುಗಳಷ್ಟೇ ಅಲ್ಲ, ಹತ್ತನೇ ಕ್ಲಾಸಿನ ಹುಡುಗಿಯರೂ ಕೊಡಬೇಕು. ಒಂದು ಸಂಜೆ ನಮ್ಮವರು ನನ್ನ ಫೋನ್ ಕಸಿದುಕೊಂಡು ಅವರಿಗೇ ಫೋನ್ ಮಾಡಿ ಕೇಳಿದರು:

"ಆಪಾ, ಎಲ್ಲಾರೂ ಮನೇಲೇ ಇದೀವಲ್ಲ, ಎಲ್ಲಿಗ್ ತಲುಪಿದೀವಿ ಅಂತ ಮಿಸ್ ಕಾಲು?"

"ಸಾಯಂಕಾಲಕ್ಕೆ ತಲುಪಿದೀವಲ್ಲ ಭಾಯಿ, ಅದಕ್ಕೆ."

ಮಾತಿನ ಮನುಷ್ಯ ಫೋನ್ ನನ್ನ ಕೈಗಿಟ್ಟರು.

ಅಷ್ಟಾದರೂ ನನಗೆ ಕಿರಿಕಿರಿ ಆಗುತ್ತಿತ್ತು. ಇಡೀ ದಿನ ಮನೆಯಲ್ಲಿ ಕೂತು ನನ್ನ ಭಯವನ್ನೇ ಹೊರಲಾಗದೆ ಇರುವಾಗ ಇವರದ್ದೊಂದು ಬೇರೆ. ಯಾಕಿಷ್ಟು ಗಾಬರಿ ನಿಮಗೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಆಪಾ ಆಗ ಕಡಲೆಕಾಯಿ ಸುಲಿಯುತ್ತಿದ್ದರು, ಸಿಪ್ಪೆ ತಟ್ಟೆಗೆ ಬೀಳುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. "ನಮ್ಮೆಜಮಾನ್ರು ಕುಣಿಗಲ್‌ಗೆ ಒಂದ್ ಮದುವೆಗೆ ಅಂತ ಗಾಡೀಲಿ ಹೋದ್ರು ಕಣಮ್ಮ. ಮಗು ಸಣ್ಣದು ಅಂತ ನಾನ್ ಹೋಗ್ಲಿಲ್ಲ. ಅವ್ರು ಅಲ್ಲಿ ರಸ್ತೇಲಿ ಬಿದ್ದಿದ್ರು, ನಾನಿಲ್ಲಿ ಚೆನ್ನಾಗಿ ಊಟ ಮಾಡಿ ನಿದ್ದೆ ಮಾಡಿದ್ದೆ. ಸಾಯಂಕಾಲ ಯಾರೋ ಬಂದು, ಹೋಗ್ಬಿಟ್ರು ಅಂತ ಹೇಳಿದ್ರು." ಸಿಪ್ಪೆಯ ಸದ್ದು ನಿಲ್ಲಲಿಲ್ಲ. "ಆವಾಗ ಫೋನ್ ಎಲ್ಲಿತ್ತು? ಈಗ ಇದೆ. ಇದ್ದೂ ಕೊಡಲ್ಲ ಅಂದ್ರೆ ಹೆಂಗೆ?" ಆಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಮೊದಲನೇ ವರ್ಷ ಹೇಗೋ ದಾಟಿತು. ಕಷ್ಟ ಬಂದದ್ದು ಎರಡನೇ ಅಲೆಯಲ್ಲಿ, ರಂಜಾನ್ ತಿಂಗಳಿನಲ್ಲಿ. ಯಜಮಾನರಿಗೆ ಜ್ವರ ಬಂತು. ಎರಡು ದಿನಕ್ಕೆ ನನಗೂ ಬಂತು. ನನ್ನದು ಜ್ವರದಲ್ಲೇ ನಿಂತಿತು, ಅವರದ್ದು ಎದೆಗೆ ಇಳಿಯಿತು. ಮಾತಾಡುತ್ತಾ ಮಾತಾಡುತ್ತಾ ವಾಕ್ಯದ ಮಧ್ಯೆ ಉಸಿರಿಗೆ ನಿಲ್ಲತೊಡಗಿದರು. ಹಾಸಿಗೆ ಎಲ್ಲೂ ಇಲ್ಲ, ಇಲ್ಲ ಎಂದು ಕೇಳಿಸಿಕೊಂಡು ಕೊನೆಗೆ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುವ ಹಾಸಿಗೆ ಸಿಕ್ಕಿತು. ಜೊತೆಗೆ ಯಾರನ್ನೂ ಬಿಡುವುದಿಲ್ಲ. ಒಳ್ಳೆಯ ಫೋನ್ ಅಲ್ಲಿ ಕಳೆದುಹೋಗುತ್ತದೆ ಎಂದು ಯಾರೋ ಹೆದರಿಸಿದ್ದರಿಂದ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಬಟನ್ ಫೋನನ್ನು ಜೇಬಿಗಿಟ್ಟುಕೊಂಡರು. ಅದರಲ್ಲಿದ್ದದ್ದು ಹಳೇ ಸಿಮ್ಮು. ನಾನು ಅವರ ಬಟ್ಟೆ, ಬ್ರಶ್ಶು, ಟವೆಲ್ಲು ಜೋಡಿಸುತ್ತಿದ್ದೆ. ಆಪಾಗೆ ವಿಷಯ ತಿಳಿದು ಫೋನ್ ಮಾಡಿದರು, ಯಜಮಾನರೊಡನೆ ಏನೋ ಮಾತಾಡಿದರು. ಇವರು ಹ್ಞೂಂ, ಹ್ಞೂಂ ಅಂದಿದ್ದಷ್ಟೇ ನನಗೆ ಕೇಳಿಸಿದ್ದು. ಆಂಬುಲೆನ್ಸ್ ಹತ್ತುವಾಗ, "ಮಾತಾಡ್ಬಾರ್ದಂತೆ ಕಣೇ. ಬೆಳಗ್ಗೆ, ಸಾಯಂಕಾಲ ಮಿಸ್ ಕಾಲ್ ಕೊಡ್ತೀನಿ. ನೀನ್ ಮಾಡಕ್ ಹೋಗ್ಬೇಡ" ಎಂದರು. ನಗಲು ನೋಡಿದರು, ಅದಕ್ಕೂ ಉಸಿರು ಸಾಲಲಿಲ್ಲ.

ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ನಾನು ರೂಮಿನೊಳಗೆ, ಅತ್ತೆ ಬಾಗಿಲಾಚೆ. ತಟ್ಟೆ ಬಾಗಿಲ ಹತ್ತಿರ ಇಟ್ಟು ದೂರ ಹೋಗಿ ಕೂತು, "ಫೋನ್ ಬಂತೇನವ್ವ?" ಎಂದು ಕೇಳುವರು. ಬೆಳಗ್ಗೆ ಹಾಲಿನವನ ಹೊತ್ತಿಗೆ ಒಂದು ಮಿಸ್ ಕಾಲ್, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು. ಅಷ್ಟೇ ನನ್ನ ಸಂಸಾರ. ಅದು ಬಂದ ತಕ್ಷಣ ನಾನು ಆಪಾಗೆ ಕೊಡುತ್ತಿದ್ದೆ. ಅವರು ಉಪವಾಸ ಹಿಡಿದಿದ್ದರು. ಸಂಜೆ ಆಜಾನ್ ಆದ ಮೇಲೆ ಖರ್ಜೂರ ಬಾಯಿಗೆ ಹಾಕಿ ನೀರು ಕುಡಿಯುವರು, ಆದರೆ ನನ್ನ ಮಿಸ್ ಕಾಲ್ ಬರುವತನಕ ಊಟದ ಹತ್ತಿರ ಹೋಗುತ್ತಿರಲಿಲ್ಲ. ಹಗಲೆಲ್ಲ ಹಸಿದವರು ಹಾಗೆ ಮಾಡಬೇಡಿ ಎಂದರೆ ಕೇಳುವ ಜನವೇ ಅಲ್ಲ.

ಒಂದು ಬೆಳಗ್ಗೆ ಮಿಸ್ ಕಾಲ್ ಬರಲಿಲ್ಲ.

ಹಾಲಿನವನು ಬಂದು ಹೋದ. ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ಮಲಗಿರಬಹುದು, ಚಾರ್ಜ್ ಇಲ್ಲದಿರಬಹುದು, ಡಾಕ್ಟರು ಬಂದಿರಬಹುದು, ನನಗೆ ನಾನೇ ಹೇಳಿಕೊಂಡೆ. "ಫೋನ್ ಬಂತೇನವ್ವ?" ಎಂದು ಅತ್ತೆ ಕೇಳಿದರು. ಬಂತು ಎಂದು ಸುಳ್ಳು ಹೇಳಿದೆ. ಆಸ್ಪತ್ರೆಯ ನಂಬರಿಗೆ ಮಾಡಿದರೆ ಎಂಗೇಜು, ಬಿಡದೆ ಎಂಗೇಜು. ಹೋಗಿ ಗೇಟಿನ ಹತ್ತಿರವಾದರೂ ನಿಲ್ಲೋಣವೆಂದರೆ ನನಗೇ ಪಾಸಿಟಿವ್. ಮಧ್ಯಾಹ್ನ ತಡೆಯಲಾರದೆ ಅವರ ಮಾತು ಮೀರಿ ನಾನೇ ಫೋನ್ ಮಾಡಿದೆ. ಕೆಮ್ಮು, ಉಪದೇಶ, ರಿಂಗು. ಮತ್ತೊಂದು ರಿಂಗು. ಆಮೇಲೆ, ನೀವು ಕರೆ ಮಾಡಿದ ಚಂದಾದಾರರು ಬಿಜಿಯಾಗಿದ್ದಾರೆ ಎಂದು ಹೆಂಗಸಿನ ದನಿ. ಮತ್ತೆ ಮಾಡಿದೆ. ಮತ್ತೆ ಅದೇ. ಮತ್ತೆ ಮಾಡಿದೆ.

ಆ ವಾರವೇ ನಮ್ಮ ಬೀದಿಯ ಒಬ್ಬರು ಹೋಗಿದ್ದರು. ಅವರ ವಾಚು, ಉಂಗುರ, ಫೋನು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಂದಿದ್ದವು. ಈಗ ಇವರ ಫೋನೂ ಯಾವುದೋ ಟೇಬಲ್ಲಿನ ಮೇಲೆ ಕವರಿನಲ್ಲಿದೆ, ಕೆಲಸದ ಮಧ್ಯೆ ಸದ್ದು ಮಾಡಿದಾಗೆಲ್ಲ ಯಾರೋ ನರ್ಸು ಕಟ್ ಮಾಡುತ್ತಿದ್ದಾಳೆ. ಬೇರೇನೂ ಹೊಳೆಯಲಿಲ್ಲ ನನಗೆ. ಆಪಾಗೆ ಫೋನ್ ಮಾಡಿದೆ. ಎರಡು ರಿಂಗಿಗೆ ನಿಲ್ಲಿಸದೆ ಬಿಟ್ಟೆ. ಅವರು ಎತ್ತಿದರು. ಎರಡು ರಿಂಗ್ ದಾಟಿದ ಫೋನೆಂದರೆ ಏನೋ ಆಗಿದೆ ಎಂದು ಅವರಿಗೆ ಗೊತ್ತು.

"ಹೇಳು" ಎಂದರು. ನಾನು ಅಳುತ್ತಲೇ ಹೇಳಿದೆ.

"ಅಳು ಆಮೇಲೆ. ಮೊದ್ಲು ನಾನ್ ಕೇಳಿದ್ದಕ್ಕೆ ಹೇಳು. ರಿಂಗ್ ಪೂರ್ತಿ ಆಗಿ ನಿಂತೋಯ್ತಾ, ಯಾರಾದ್ರೂ ಕಟ್ ಮಾಡಿದ್ರಾ?"

"ಕಟ್ ಮಾಡಿದ್ರು ಆಪಾ."

"ಎಷ್ಟನೇ ರಿಂಗಿಗೆ?"

"ಎರಡಕ್ಕೆ."

"ಎಲ್ಲಾ ಸಲಾನೂ?"

ನಾನು ಯೋಚಿಸಿ, ಹ್ಞೂಂ ಎಂದೆ.

ಆ ಕಡೆ ಆಪಾ ಉದ್ದಕ್ಕೆ ಉಸಿರು ಬಿಟ್ಟರು. "ನೀನು ಬಟ್ಟೆ ಜೋಡಿಸ್ತಿದ್ಯಲ್ಲಮ್ಮ ಅವತ್ತು, ಭಾಯಿಗೆ ನಾನೇ ಹೇಳಿಕೊಟ್ಟೆ. ಅವ್ಳು ತಡ್ಕೊಳಲ್ಲ, ಮಾಡೇ ಮಾಡ್ತಾಳೆ. ಎತ್ತಿ ಮಾತಾಡಕ್ ಹೋಗ್ಬೇಡಿ, ಎರಡು ರಿಂಗ್ ಬಿಟ್ಟು ಕಟ್ ಮಾಡಿ ಅಂತ. ಬೇರೆಯವ್ರಾಗಿದ್ರೆ ಎತ್ತಿ ಯಾರು ಅಂತ ಕೇಳ್ತಿದ್ರು, ಇಲ್ಲ ಹಂಗೇ ಬಡ್ಕೊಳಕ್ ಬಿಡ್ತಿದ್ರು. ಎರಡಕ್ಕೆ ಕಟ್ ಮಾಡೋರು ನಮ್ಮವ್ರೇ ಕಣಮ್ಮ."

"ಹಂಗಾದ್ರೆ ಬೆಳಗ್ಗೆ ಯಾಕ್ ಕೊಡ್ಲಿಲ್ಲ?"

"ಆ ಸಿಮ್ಮಿಗೆ ಯಾವಾಗ ರೀಚಾರ್ಜ್ ಮಾಡಿಸಿದ್ರಿ?"

ಯಾವಾಗ? ಮೂಲೆಯಲ್ಲಿದ್ದ ಸಿಮ್ಮಿಗೆ ಯಾರು ರೀಚಾರ್ಜ್ ಮಾಡಿಸುತ್ತಾರೆ? ಮಿಸ್ ಕಾಲಿಗೆ ದುಡ್ಡು ಹೋಗುವುದಿಲ್ಲ ಎಂಬುದೊಂದೇ ನಮ್ಮ ತಲೆಯಲ್ಲಿತ್ತು. ವ್ಯಾಲಿಡಿಟಿ ಮುಗಿದರೆ ಮಿಸ್ ಕಾಲೂ ಹೋಗುವುದಿಲ್ಲ ಎನ್ನುವುದು ಅಷ್ಟು ವರ್ಷ ಮಿಸ್ ಕಾಲಿನಲ್ಲೇ ಬದುಕಿದ ನನಗೂ ಹೊಳೆದಿರಲಿಲ್ಲ. ಮಾಡಿಸೇ ಇಲ್ಲ ಆಪಾ ಎಂದೆ.

"ಈಗ ಫೋನ್ ಇಡ್ತೀನಿ. ಇನ್ನೊಂದ್ ಸಲ ಮಾಡು. ಅಳ್ದೇ ಕೇಳಿಸ್ಕೊ."

ಮಾಡಿದೆ. ಕೆಮ್ಮಿಗೆ, ಉಪದೇಶಕ್ಕೆ ಹಿಡಿಶಾಪ ಹಾಕುತ್ತಾ ಕಾದೆ. ಒಂದು ರಿಂಗು. ಎರಡು. ಟಪ್. ಬಿಜಿಯಾಗಿದ್ದಾರೆ ಎಂದಿತು ಹೆಂಗಸಿನ ದನಿ. ಅಷ್ಟು ಒಳ್ಳೆಯ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬಾಗಿಲಾಚೆಯಿಂದ ಅತ್ತೆಯವರು, "ಏನಾಯ್ತವ್ವ?" ಎಂದು ಬಾಗಿಲು ಬಡಿದರು. ಚೆನ್ನಾಗಿದಾರೆ ಅತ್ತೆ ಎಂದೆ. "ಹಂಗಂದ್ರೆ ಅಳದ್ಯಾಕೆ, ಬುಡು" ಎಂದು ಗದರಿ, ತಾವೂ ಅಲ್ಲೇ ಕೂತು ಅತ್ತರು.

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿ ಆ ನಂಬರಿಗೆ ರೀಚಾರ್ಜ್ ಮಾಡಿಸಿದೆ. ಸಂಜೆ ರೂಮಿನ ಲೈಟು ಹಾಕಲು ಎದ್ದಿದ್ದೆ, ಫೋನು ಹೊಡೆದುಕೊಂಡಿತು, ಅವರ ನಂಬರು. ಎತ್ತಿಬಿಡುವ ಆಸೆ ಎಷ್ಟಾಯಿತೆಂದರೆ ಬೆರಳು ಹಸಿರು ಬಟನ್ನಿನ ಹತ್ತಿರವೇ ಹೋಗಿತ್ತು. ಎರಡನೇ ರಿಂಗಿಗೆ ಕಟ್ ಮಾಡಿದೆ. ಆಪಾಗೆ ಕೊಟ್ಟೆ. ಅವರು ಕಟ್ ಮಾಡಿದರು. ಗುಬ್ಬಿಯಲ್ಲಿ ಅವರು ತಟ್ಟೆ ಎಳೆದುಕೊಂಡು ಕೂತದ್ದು ನನಗಿಲ್ಲಿ ಕಂಡ ಹಾಗಾಯಿತು.

ಯಜಮಾನರು ಸೊರಗಿ, ಗಡ್ಡ ಬಿಟ್ಟುಕೊಂಡು ಮನೆಗೆ ಬಂದರು. ಮಾತು ವಾಪಸ್ಸು ಬರಲು ಬಹಳ ದಿನ ಹಿಡಿಯಿತು. ಬಂದ ಮೇಲೆ ಮೊದಲು ಜಗಳವಾಡಿದ್ದು ಆ ದಿನದ ಬಗ್ಗೆಯೇ. "ಫೋನಲ್ಲಿ ಅದ್ಯಾರೋ ಅವಧಿ ಮುಗಿದಿದೆ ಅಂತ ಹೇಳ್ತಾನೇ ಇದ್ಲು, ನನ್ ಅವಧಿನೇ ಮುಗೀತೇನೋ ಅಂತ ಹೆದರ್ಕೊಂಡೆ ಕಣೇ. ನೀನ್ ಫೋನ್ ಮಾಡ್ತಾನೇ ಇದ್ದೆ. ನಾನೂ ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತ ಕಟ್ ಮಾಡ್ತಾನೇ ಇದ್ದೆ. ಗುಬ್ಬೀಲಿ ಕೂತಿರೋರಿಗೆ ಅರ್ಥ ಆಯ್ತು, ಕಟ್ಕೊಂಡೋಳಿಗೆ ಅರ್ಥ ಆಗ್ಲಿಲ್ಲ." ಹೇಳಿಕೊಳ್ಳಲಿ ಎಂದುಕೊಂಡೆ. ಜಗಳವಾಡುವಷ್ಟು ಉಸಿರು ಬಂದಿತ್ತಲ್ಲ.

ಆಪಾ ರಿಟೈರಾದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿ ಎಂದರೆ, "ಎಲ್ಲಾರೂ ಮನೆ ತಲುಪಿ ಮಿಸ್ ಕಾಲ್ ಕೊಡಿ" ಎಂದು ಕೂತುಬಿಟ್ಟರು. ಎಲ್ಲರೂ ನಕ್ಕರು. ಆ ಸಂಜೆ ಎಲ್ಲರೂ ಕೊಟ್ಟರು.

ಹೋದ ತಿಂಗಳು ಆಪಾ ತೀರಿಕೊಂಡರು. ಕಾಯಿಲೆ ಏನೂ ಇರಲಿಲ್ಲ, ಬೆಳಗಿನ ನಮಾಜು ಮುಗಿಸಿ ಒರಗಿಕೊಂಡವರು ಏಳಲಿಲ್ಲ. ನಾವಿಬ್ಬರೂ ಗುಬ್ಬಿಗೆ ಹೋದೆವು. ಯಜಮಾನರು ಗಂಡಸರ ಜೊತೆ ಹೆಗಲು ಕೊಟ್ಟು ಖಬರಸ್ತಾನಕ್ಕೆ ಹೋದರು, ನಾನು ಒಳಗೆ ಹೆಂಗಸರ ಜೊತೆ ಕೂತೆ. ಗೋಡೆಯ ಮೊಳೆಯಲ್ಲಿ ಆ ಮಖಮಲ್ಲಿನ ಚೀಲ ನೇತಾಡುತ್ತಿತ್ತು. ನೆಂಟರು ಪಾತ್ರೆಗಳಲ್ಲಿ ಊಟ ತಂದಿಟ್ಟಿದ್ದರು. ಮಗಳು ಅದನ್ನು ಮುಟ್ಟಿರಲಿಲ್ಲ. ಎಷ್ಟು ಹೇಳಿದರೂ, "ಆಮೇಲೆ ಆಂಟಿ, ಆಮೇಲೆ" ಅನ್ನುತ್ತಿದ್ದಳು. ಹೊರಡುವಾಗ ಬಾಗಿಲವರೆಗೂ ಬಂದಳು. "ಆಂಟಿ, ಊರು ತಲುಪಿದ ಮೇಲೆ..." ಎಂದಳು. ನಾನು ಅವಳ ಕೈ ಹಿಡಿದುಕೊಂಡು ತಲೆಯಾಡಿಸಿದೆ.

ಮಗಳು ಊಟ ಮುಟ್ಟಿಲ್ಲ ಎಂದು ಬಸ್ಸಿನಲ್ಲಿ ಯಜಮಾನರಿಗೆ ಹೇಳಿದೆ. ಮನೆಗೆ ಬಂದು ಕಾಲು ತೊಳೆದುಕೊಂಡು ಒಳಗೆ ಬಂದೆ. ಫೋನ್ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಆಪಾ ನಂಬರಿಗೆ ಮಾಡಿ, ಅದು ಬಡಿದುಕೊಳ್ಳುತ್ತಲೇ ಇದ್ದರೆ ಏನು ಮಾಡಲಿ ಎಂದು ಹೆದರಿಕೆ. ಯಜಮಾನರು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ಹೊಸಲಿನ ಹತ್ತಿರವೇ ನಿಂತು ತಮ್ಮ ಫೋನ್ ತೆಗೆದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಯಾರಿಗೂ ಮಿಸ್ ಕಾಲ್ ಕೊಟ್ಟದ್ದು ನಾನು ನೋಡಿರಲಿಲ್ಲ. ಸ್ಪೀಕರಿಗೆ ಹಾಕಿ ಆಪಾ ನಂಬರು ಒತ್ತಿದರು.

ಒಂದು ರಿಂಗಾಯಿತು. ಎರಡನೆಯದು ಶುರುವಾಗುತ್ತಿದ್ದಂತೆ ಆ ಕಡೆಯಿಂದ ಕಟ್ಟಾಯಿತು.

ಯಜಮಾನರು ಫೋನನ್ನು ಜೇಬಿಗಿಟ್ಟುಕೊಂಡರು. "ಸರಿ ಕಣೇ," ಎಂದರು, "ಇನ್ನು ಆ ಹುಡುಗಿ ಊಟ ಮಾಡ್ತಾಳೆ."